ಒಂದು ಮುಷ್ಟಿಯ ಅಂತರ

ಆ ಸಂಜೆ ಬಿಲ್ಲು ಎರಡೂ ಕಡೆ ಒಂದೇ ಸಮನಾಗಿ ಬಾಗಿತು.

ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ನೀರಿನ ಟಾಕಿಯ ಗೋಡೆಗೆ ಒಂದು ಮರದ ಗೂಟ ಬಡಿದಿತ್ತು. ಅದರ ಮೇಲೆ ಬಿಲ್ಲನ್ನು ಅಡ್ಡ ಕೂರಿಸಿ, ಎರಡು ತುದಿಗೂ ಬಟ್ಟೆ ಒಣಗಿಸುವ ಹಗ್ಗವನ್ನು ಸಡಿಲವಾಗಿ ಕಟ್ಟಿ, ಎದುರು ಮನೆಯ ಅಣ್ಣಾರು ಅದನ್ನು ಕೆಳಕ್ಕೆ ಜಗ್ಗುತ್ತಿದ್ದರು. ಜಗ್ಗುವವರಿಗೆ ಬಿಲ್ಲು ಯಾವ ಕಡೆ ಎಷ್ಟು ಬಾಗಿತು ಎಂಬುದು ಕಾಣುವುದಿಲ್ಲ. ದೂರ ನಿಂತು ನೋಡಿ ಹೇಳುವುದು ನನ್ನ ಕೆಲಸ. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಎರಡು ತೋಳು, ಎರಡು ಹೆಗಲು ಸರಿಸಮ ಬಂದಿವೆಯೋ ಇಲ್ಲವೋ ಎಂದು ನೋಡಿ ನೋಡಿ ಕಣ್ಣು ಪಳಗಿದೆ. "ನಿನ್ನ ಕಣ್ಣು ಬೇಕು ನನಗೆ, ಬಾಯಿ ಬೇಡ" ಎಂದು ಅವರು ಯಾವಾಗಲೂ ಹೇಳುತ್ತಿದ್ದರು.

"ಎಡಗಡೆ ಹೇಗುಂಟು?"

"ಬರೋಬ್ಬರಿ ಐತ್ರಿ ಅಣ್ಣಾರ."

"ಬಲಗಡೆ?"

"ಅದೂ ಬರೋಬ್ಬರಿ."

"ಬೇಗ ಮನೆಗೆ ಹೋಗ್ಲಿಕ್ಕೆ ಸುಳ್ಳು ಹೇಳ್ಬೇಡ ಮಾರಾಯ್ತಿ."

"ಸುಳ್ಳ್ಯಾಕ ಹೇಳ್ಲಿ? ನಾ ಹೊಲಿದ ತೋಳೂ ಇಷ್ಟ ಸರಿ ಬಂದಿಲ್ಲ."

ಅವರು ಹಗ್ಗವನ್ನು ಮೆಲ್ಲಗೆ ಬಿಟ್ಟರು. ಬಿಲ್ಲು ಮೊದಲಿನ ಹಾಗೆ ನೆಟ್ಟಗಾಯಿತು. ಏನೂ ಸದ್ದಾಗಲಿಲ್ಲ. ಇದಕ್ಕೂ ಮೊದಲು ಮಾಡಿದ ಮೂರು ಬಿಲ್ಲು ಮುರಿದಾಗ ಆದ ಸದ್ದು ನನ್ನ ಕಿವಿಯಲ್ಲಿ ಇದ್ದುದರಿಂದ, ಏನೂ ಸದ್ದಾಗದೇ ಇದ್ದದ್ದಕ್ಕೆ ನನಗೆ ಉಸಿರು ಬಂತು.

ಇನ್ನು ಉಳಿದದ್ದು ಹೆದೆ. ಬಟ್ಟೆಯ ಹಗ್ಗ ಬರೀ ಪರೀಕ್ಷೆಗೆ. ನಿಜವಾದ ಹೆದೆಯನ್ನು ನಾನು ಹೊಸೆಯಬೇಕೆಂದು ಮೊದಲೇ ಮಾತಾಗಿತ್ತು. ಬ್ಯಾಗು ಹೊಲಿಯುವ ಗಟ್ಟಿ ನೂಲಿನ ಉಂಡೆ ತಂದಿಟ್ಟಿದ್ದೆ, ಮೇಣವೂ ಇತ್ತು.

"ಉದ್ದ ಎಷ್ಟಂತ ಹೇಳ್ರಿ. ಈಗ ಹೋಗಿ ಹೊಸದ ಇಡ್ತೀನಿ" ಎಂದೆ.

"ಉದ್ದ ಹಾಗೆ ಹೇಳ್ಲಿಕ್ಕೆ ಆಗುದಿಲ್ಲ ತಂಗಿ. ಹೆದೆ ಬಿಲ್ಲಿಗಿಂತ ಸಣ್ಣ ಇರ್ಬೇಕು. ಕಟ್ಟಿದ ಮೇಲೆ ಬಿಲ್ಲಿನ ಹಿಡಿಗೂ ಹೆದೆಗೂ ನಡುವೆ ಇಷ್ಟು ಜಾಗ ಉಳೀಬೇಕು." ಅವರು ಮುಷ್ಟಿ ಕಟ್ಟಿ, ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿ ತೋರಿಸಿದರು. "ಬಿಲ್ಲು ಯಾರದ್ದೋ ಅವನ ಮುಷ್ಟಿ."

ನನ್ನ ಕೊರಳಲ್ಲಿ ಟೇಪು ಇತ್ತು. ತೆಗೆದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಟೇಪು ಎಲ್ಲ ಬೇಡ. ಇವತ್ತು ಎಣ್ಣೆ ಹಚ್ಚಿ ಇಡುವ, ಕುಡೀಲಿ ಅದು. ನಾಳೆ ಹೆದೆ ಏರಿಸುವಾಗ ಕೈ ಇಟ್ಟೇ ನೋಡುವ. ಕೈ ಎಲ್ಲಿಗೆ ಹೋಗ್ತದೆ?"

ಕೆಳಗೆ ಗರ್ಬಾದ ಮಂಟಪದಲ್ಲಿ ಯಾರೋ ಮೈಕ್ ತಟ್ಟಿ ಹಲೋ ಹಲೋ ಎನ್ನುತ್ತಿದ್ದರು. ಅಣ್ಣಾರ ಹೆಂಡತಿ, ವೈನಿ, ಮೆಟ್ಟಿಲ ಬುಡದಿಂದ ಚಹಾಕ್ಕೆ ಕೂಗಿದರು. ನಾವು ಇಳಿದೆವು.

ಮರುದಿನ ಬೆಳಿಗ್ಗೆ ಹಾಲು ತರಲು ಹೋದ ಅಣ್ಣಾರು ವಾಪಸು ಹತ್ತುವಾಗ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕುಳಿತರು. ಮತ್ತೆ ಏಳಲಿಲ್ಲ. ಹಾಲಿನ ಥೈಲಿ ಒಡೆಯದೆ ಪಕ್ಕದಲ್ಲೇ ಇತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರಿಗೆ ಅದು ಸೇರುತ್ತಿರಲಿಲ್ಲ. ಅವರು ವೇಷ ಹಾಕುತ್ತಿದ್ದ ಯಕ್ಷಗಾನದ ತಂಡದವರು ಒಮ್ಮೆ ನೆನಪಿನ ಪುಸ್ತಕ ಅಚ್ಚು ಹಾಕಿಸಿದಾಗ ಅವರ ಫೋಟೋದ ಕೆಳಗೆ ಚಂಡೆಯವರ ಹೆಸರು ಬಂತು, ಚಂಡೆಯವರ ಫೋಟೋದ ಕೆಳಗೆ ಇವರ ಹೆಸರು. ಊರಿನಿಂದ ಅವರ ಮಾವ ಫೋನು ಮಾಡಿ, "ಅಳಿಯ ಯಾವಾಗ ಚಂಡೆ ಕಲಿತ?" ಎಂದು ವೈನಿಯನ್ನು ಕೇಳಿದರಂತೆ. ಅಂದಿನಿಂದ "ನನ್ನ ಹೆಸರು ಎಲ್ಲೂ ಹಾಕ್ಬೇಡಿ, ಮುಖ ಹಾಕಿದ್ರೆ ಸಾಕು" ಎನ್ನುತ್ತಿದ್ದರು. ನನಗೆ ಮುಖ ಹಾಕುವುದು ಬರುವುದಿಲ್ಲ. ಬಂದಷ್ಟು ಬರೆಯುತ್ತೇನೆ.

ನಮ್ಮದು ಗದಗಿನ ಕಡೆ. ಮದುವೆಯಾಗಿ ಡೊಂಬಿವಲಿಗೆ ಬಂದಾಗ ಎದುರು ಬಾಗಿಲಿನವರೂ ಕನ್ನಡದವರೇ ಎಂದು ತಿಳಿದು ಬಹಳ ಖುಷಿಯಾಗಿತ್ತು. ಆದರೆ ಅವರು ಉಡುಪಿ ಕಡೆಯವರು, ಗಂಡ ಹೆಂಡತಿ ಮಾತಾಡುವುದು ತುಳು. ನನ್ನ ಜೊತೆ ಆಡುವ ಕನ್ನಡವೋ, ಶಾಲೆಯ ಪುಸ್ತಕ ಓದಿದ ಹಾಗೆ. ನಾನು "ಏನ್ ನಡಸೀರಿ?" ಎಂದರೆ ಅವರು "ನಡೆಸುವುದು ಎಂತ, ನಾನು ರಿಕ್ಷಾದವನಾ?" ಎನ್ನುತ್ತಿದ್ದರು. ನಾನು ಅವರನ್ನು ನಮ್ಮ ಕಡೆಯ ರೂಢಿಯಂತೆ ಅಣ್ಣಾರ ಎಂದೆ, ಅವರ ಹೆಂಡತಿಯನ್ನು ವೈನಿ ಎಂದೆ. ಅವರಿಗೆ ನಾನು ತಂಗಿ, ಸಿಟ್ಟು ಬಂದಾಗ ಮಾರಾಯ್ತಿ.

ಶಹರದ ಕೋಟೆ ಎಂಬ ಭಾಗದ ಒಂದು ಆಫೀಸಿನಲ್ಲಿ ಅವರ ನೌಕರಿ. ವಾರವೆಲ್ಲ ಲೋಕಲ್ ರೈಲಿನಲ್ಲಿ ನೇತಾಡಿ ಹೋಗಿ ಬರುವ ಸಾಮಾನ್ಯ ಮನುಷ್ಯ. ಶನಿವಾರ ಬಂತೆಂದರೆ ಬೇರೆಯೇ ಜನ. ಠಾಣೆ, ಕಲ್ಯಾಣ, ನೆರೂಳು, ಎಲ್ಲಿ ಯಕ್ಷಗಾನದ ಆಟವಿದ್ದರೂ ಹೊರಟುಬಿಡುತ್ತಿದ್ದರು. ದೊಡ್ಡ ವೇಷ ಅವರಿಗೆ ಯಾರೂ ಕೊಡಲಿಲ್ಲ. ಬಿಲ್ಲು ಹಿಡಿದು ರಭಸದಿಂದ ಬಂದು, ಎರಡು ಸುತ್ತು ಕುಣಿದು, ಯುದ್ಧ ಮಾಡಿ, ಸೋತೋ ಗೆದ್ದೋ ಒಳಗೆ ಹೋಗುವ ವೇಷಗಳು. ಆದರೆ ಆ ವೇಷದ ಮಾತು ಮನೆಯಲ್ಲೂ ಬಿಡುತ್ತಿರಲಿಲ್ಲ. ಲೋಕಲಿನಲ್ಲಿ ಯಾರೋ ಕಾಲು ತುಳಿದರೆ ಅದು "ಒಂದು ಪ್ರಸಂಗ". ನಲ್ಲಿಯಲ್ಲಿ ನೀರು ನಿಂತರೆ ಬಕೆಟ್ಟು ಹಿಡಿದು, "ಎಲೈ ಜಲವೇ, ಈ ಪರಿಯ ಉದಾಸೀನವೇಕೆ?" ವೈನಿ ಒಳಗಿನಿಂದ ತುಳುವಿನಲ್ಲಿ ಏನೋ ಅನ್ನುತ್ತಿದ್ದರು, ಅವರು ಸುಮ್ಮನಾಗುತ್ತಿದ್ದರು. ಆ ಒಂದು ತುಳು ಮಾತಿನ ಅರ್ಥ ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ನನಗೂ ಅವರಿಗೂ ಗಟ್ಟಿ ಪರಿಚಯ ಆದದ್ದು ಹರಿದ ದಗಲೆಯಿಂದ. ದಗಲೆ ಎಂದರೆ ವೇಷದ ಮೇಲಂಗಿ. ಅದನ್ನು ನೋಡಿ ಹೊಸದೊಂದು ಹೊಲಿದು ಕೊಡು ಎಂದರು. ನಾನು ಆಟವನ್ನೇ ನೋಡಿದವಳಲ್ಲ. ಅಳತೆ ತೆಗೆದೆ, ನನ್ನ ಲೆಕ್ಕದಲ್ಲಿ ಚೆಂದವಾಗಿ, ಮೈಗೆ ಕೂರುವ ಹಾಗೆ ಹೊಲಿದೆ. ಅದನ್ನು ತೊಟ್ಟು ರಂಗಕ್ಕೆ ಹೋದವರಿಗೆ ಬಿಲ್ಲು ಎತ್ತಲು ಹೆಗಲು ಮೇಲೆ ಬರಲಿಲ್ಲ. ಯುದ್ಧವನ್ನೆಲ್ಲ ಮೊಣಕೈಯಲ್ಲೇ ಮಾಡಿ ಮುಗಿಸಿದರಂತೆ. ಮರುದಿನ ಬಂದು ಬಾಗಿಲಲ್ಲಿ ನಿಂತು, ಕೈ ಎರಡನ್ನೂ ಪಕ್ಕೆಗೆ ಅಂಟಿಸಿಕೊಂಡು, "ತಂಗೀ, ನಿನ್ನ ದೆಸೆಯಿಂದ ವೈರಿ ಬದುಕಿದ" ಎಂದರು. ಕಂಕುಳಿಗೆ ಬಟ್ಟೆ ಸೇರಿಸಿ ಕೊಟ್ಟೆ. ಆಮೇಲೆ ಅವರ ಅಂಗಿ, ಜುಬ್ಬಾ, ದಗಲೆ ಎಲ್ಲ ನಾನೇ ಹೊಲಿದೆ. ಅವರ ಎದೆ, ಹೆಗಲು, ತೋಳು, ಕುತ್ತಿಗೆ, ಮಣಿಕಟ್ಟು ಎಲ್ಲದರ ಅಳತೆ ಇವತ್ತಿಗೂ ನನಗೆ ಬಾಯಿಪಾಠ.

ಬಿಲ್ಲಿನ ಗೀಳು ಹತ್ತಿದ್ದು ರಿಟೈರಾದ ಮೇಲೆ. ಮಂಡಿನೋವು ಬಂದು ಕುಣಿತ ಬಿಟ್ಟಿದ್ದರು. ತಂಡದವರು ಸಭೆ ಕರೆದು ಸನ್ಮಾನ ಮಾಡಿದರು. ಶಾಲು, ಹಣ್ಣಿನ ಬುಟ್ಟಿ, ಪೇಟ, ಕೊನೆಗೆ ನೆನಪಿನ ಕಾಣಿಕೆ ಎಂದು ಒಂದು ಬಿಲ್ಲು. ಥರ್ಮೋಕೋಲಿನದು, ಮೇಲೆ ಚಿನ್ನದ ಬಣ್ಣದ ಕಾಗದ. ಸಭೆಯಲ್ಲಿ ನಗುತ್ತ ತೆಗೆದುಕೊಂಡರು. ಮನೆಗೆ ಬರುವಾಗ ರಿಕ್ಷಾದಲ್ಲಿ ಅದರ ಒಂದು ಕೊಂಬು ಮುರಿಯಿತು. ನಾನೂ ಜೊತೆಗಿದ್ದೆ.

"ನೋಡಿದ್ಯಾ?" ಎಂದರು. "ನಾನು ಇಷ್ಟು ವರ್ಷ ಹಿಡ್ದದ್ದು ಇದನ್ನೇ. ಬೆತ್ತದ್ದು, ಬಿದಿರಿನ ಪಟ್ಟಿದು, ಕಾಗದದ್ದು. ಬಾಣ ಬಿಟ್ಟ ಹಾಗೆ ಮಾಡಿದ್ರೆ ಚಂಡೆಯವ ಢಂ ಅಂತ ಹೊಡೀತಾನೆ. ಬಿಲ್ಲಿನ ಠೇಂಕಾರ ಹೇಗೆ ಕೇಳ್ತದೆ ಅಂತ ನನಗೇ ಗೊತ್ತಿಲ್ಲ ಮಾರಾಯ್ತಿ."

ಆ ವರ್ಷ ಆಯುಧ ಪೂಜೆಗೆ ನಾನು ಹೊಲಿಗೆ ಮಶಿನಿಗೆ ಕುಂಕುಮ ಹಚ್ಚಿ, ಕತ್ತರಿ, ಟೇಪು, ಸೂಜಿಡಬ್ಬಿ ಎಲ್ಲ ಇಟ್ಟು ಪೂಜೆ ಮಾಡುತ್ತಿದ್ದೆ. ಅಣ್ಣಾರು ಪ್ರಸಾದಕ್ಕೆ ಬಂದು ಬಾಗಿಲಲ್ಲಿ ನಿಂತರು. ನಮ್ಮ ಮನೆಯವರು ಎಲೆಕ್ಟ್ರಿಶಿಯನ್. ಅವರ ಟೆಸ್ಟರು, ಇಕ್ಕಳವೂ ಪೂಜೆಗಿದ್ದವು. ಅಣ್ಣಾರು ಎಲ್ಲವನ್ನೂ ನೋಡಿದರು.

"ನನ್ನ ಹತ್ರ ಇಡ್ಲಿಕ್ಕೆ ಒಂದು ಬಾಲ್‌ಪೆನ್ನು. ಅದರಲ್ಲೂ ಶಾಯಿ ಖಾಲಿ" ಎಂದು ನಕ್ಕರು. ಆಮೇಲೆ ನಗದೆ ಹೇಳಿದರು: "ಬರುವ ವರ್ಷ ನನ್ನ ಕೈಯ್ಯಾರೆ ಮಾಡಿದ ಮರದ ಬಿಲ್ಲು ಇಡ್ತೇನೆ. ಪೂಜೆ ಮಾಡಿ, ಎತ್ತಿ, ಒಂದು ಸಲ ಹೆದೆ ಮೀಟಬೇಕು. ಅಷ್ಟೇ."

"ಸುಮ್ಮ ಬಿದಿರಿಂದು ಮಾಡ್ರಿ ಅಣ್ಣಾರ, ಲಗೂನ ಆಗ್ತದ" ಎಂದರು ನಮ್ಮ ಮನೆಯವರು.

"ಬಿದಿರು ಹಿಡಿದು ಸಾಕಾಗಿದೆ. ಮರದ್ದೇ ಬೇಕು."

ಅವರು ತಿಂಗಳುಗಟ್ಟಲೆ ಮೊಬೈಲಿನಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಬಿಲ್ಲು ಕೆತ್ತುವುದನ್ನು ನೋಡಿದರು. ಅವನು ಮಾತೇ ಆಡುತ್ತಿರಲಿಲ್ಲ, ಬರೀ ಕೆತ್ತುತ್ತಿದ್ದ. "ಇವನಿಗೆ ಎಲ್ಲ ಗೊತ್ತುಂಟು, ಆದ್ರೆ ಬಾಯಿ ಬಿಡುದಿಲ್ಲ" ಎಂದು ಅಣ್ಣಾರಿಗೆ ಅವನ ಮೇಲೆ ಸಿಟ್ಟು.

ಮೊದಲನೆಯ ಬಿಲ್ಲು ಸಾಗವಾನಿಯದು. ವೈನಿಯ ಅಡುಗೆಮನೆಯ ಹಳೆಯ ಬಾಗಿಲ ಚೌಕಟ್ಟು ತೆಗೆಸಿದ್ದರು, ಅದರ ಪಟ್ಟಿ. ಇಲ್ಲಿ ಅವರು ಮಾಡಿದ ಕೆಲಸ ನೆನೆದರೆ ನನಗೆ ಈಗಲೂ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಮುರಿದ ಥರ್ಮೋಕೋಲಿನ ಬಿಲ್ಲನ್ನು ಮರದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದರು. ಆಟದ ಬಿಲ್ಲು ನೆಟ್ಟಗಿರುವುದಿಲ್ಲ. ನಡುವೆ ಒಳಗೆ ತಗ್ಗು, ಆಚೀಚೆ ಉಬ್ಬು, ತುದಿಯಲ್ಲಿ ಮತ್ತೆ ಹೊರಗೆ ಬಾಗಿದ ಕೊಂಬು. ಆ ಡೊಂಕನ್ನೆಲ್ಲ ಗರಗಸದಿಂದ ಹಾಗೆ ಹಾಗೇ ಕೊಯ್ದರು. ನೋಡಲು ಬಹಳ ಚೆಂದವಿತ್ತು. ನಾನೂ ಚೆಂದ ಎಂದೆ. ಮರಕ್ಕೆ ಉದ್ದಕ್ಕೆ ಎಳೆ ಇರುತ್ತದೆ, ಡೊಂಕು ಕೊಯ್ದಲ್ಲೆಲ್ಲ ಎಳೆ ತುಂಡಾಗುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆದಿದ್ದರೂ ಆ ಬಿಲ್ಲು ಉಳಿಯುತ್ತಿರಲಿಲ್ಲ, ಯಾಕೆಂದರೆ ಜಗ್ಗಿದವರು ಅವರು. ಹೊಸ ಬಿಲ್ಲನ್ನು ದಿನಕ್ಕೆ ಇಷ್ಟಿಷ್ಟೇ ಬಾಗಿಸಿ ರೂಢಿ ಮಾಡಿಸಬೇಕು ಎಂದು ಗಡ್ಡದವನನ್ನು ನೋಡಿ ಅವರೇ ನನಗೆ ಹೇಳಿದ್ದರು. ಆದರೆ ಹಗ್ಗ ಕಟ್ಟಿ ಕೈಗೆ ಹಿಡಿದದ್ದೇ ತಡ, ಎಡಗಾಲು ಮುಂದೆ ಹೋಯಿತು, ಎದೆ ಸೆಟೆಯಿತು, ಬಲಗೈ ಒಂದೇ ಎಳೆತಕ್ಕೆ ಕಿವಿಯ ಹಿಂದಕ್ಕೆ ಹೋಯಿತು. ರಂಗದ ಮೇಲೆ ಹಾಗೆಯೇ ಅಲ್ಲವೇ ಎಳೆಯುವುದು. ಅಲ್ಲಿ ಎಳೆಯುವುದು ಬರೀ ಗಾಳಿ. ಇಲ್ಲಿ ಮರ ಪಟ್ ಎಂದಿತು. ಒಂದು ತುಂಡು ಟಾಕಿಗೆ ಬಡಿಯಿತು, ಇನ್ನೊಂದು ಪಕ್ಕದ ಮನೆಯವರು ಒಣಹಾಕಿದ ಹಪ್ಪಳದ ಮೇಲೆ ಬಿತ್ತು.

ನಾನು ಬಾಯಿ ಬಿಟ್ಟು ನಿಂತಿದ್ದೆ. ಅವರು ಕೈಯಲ್ಲಿ ಉಳಿದ ತುಂಡನ್ನು ನೋಡಿ, "ಎಲವೋ ಧನುವೇ, ಇಷ್ಟೇಯೋ ನಿನ್ನ ಪೌರುಷ?" ಎಂದರು. ಆಮೇಲೆ ಮೆಟ್ಟಿಲ ಮೇಲೆ ಕೂತು ಆ ತುಂಡಿನ ಸಿಬಿರನ್ನು ಒಂದೊಂದಾಗಿ ಕೀಳತೊಡಗಿದರು.

ಎರಡನೆಯದಕ್ಕೆ ನಾನೇ ಸಲಹೆ ಕೊಟ್ಟೆ. ದಪ್ಪ ಇದ್ದರೆ ಮುರಿಯುವುದಿಲ್ಲ ಎಂದೆ. ನೆಟ್ಟನೆಯ ದಪ್ಪ ಬಿಲ್ಲು ಮಾಡಿದರು. ಅದು ಬಾಗಲೇ ಇಲ್ಲ. ಇಬ್ಬರೂ ನೇತಾಡಿದರೂ ಬಾಗಲಿಲ್ಲ. ಎಲ್ಲಿ ಸ್ವಲ್ಪ ಬಾಗುತ್ತದೆಯೋ ಅಲ್ಲಿ ಇನ್ನಷ್ಟು ತಿಕ್ಕೋಣ ಎಂದುಕೊಂಡೆವು. ತಿಕ್ಕಬೇಕಾದದ್ದು ಬಾಗದ ಜಾಗವನ್ನು. ನಾವು ತಿಕ್ಕಿದ ಜಾಗ ಮೊಣಕೈಯ ಹಾಗೆ ಮಡಚಿಕೊಂಡಿತು, ಉಳಿದದ್ದು ಒನಕೆಯ ಹಾಗೇ ಇತ್ತು. ಒಂದು ದಿನ ಆ ಮೊಣಕೈಯಲ್ಲೇ ಹೋಯಿತು.

ಈ ಗಲಾಟೆಯಲ್ಲಿ ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಮೇಲೆ ಬಂದರು. ಮರಾಠಿಯವರು, ಒಳ್ಳೆಯವರೇ, ಆದರೆ ಅವರ ಮನೆ ಟೆರೇಸಿನ ಕೆಳಗೇ. ಅರದಿಂದ ಮರ ತಿಕ್ಕುವ ಸದ್ದಿಗೆ ಅವರ ಮಧ್ಯಾಹ್ನದ ನಿದ್ದೆ ಕೆಟ್ಟಿತ್ತು. "ಕಾಯ್ ಚಾಲ್ಲಂಯ್ ಹೇ?" ಏನು ನಡೆದಿದೆ ಇದು ಎಂದು ಕೂಗಿದರು. ಅಣ್ಣಾರು ಅರವನ್ನು ಎದೆಗೆ ಹಿಡಿದು, ರಂಗದ ಕಂಠದಲ್ಲಿ, "ಅಯ್ಯಾ ಮಹಾನುಭಾವ, ತಮ್ಮ ನಿದ್ರಾಭಂಗಕ್ಕೆ ಕಾರಣನಾದ ಈ ಪಾಮರನನ್ನು ದಂಡಿಸಬೇಕೆಂದಿದ್ದರೆ ಇದೋ ಕೊರಳು" ಎಂದರು. ಸೆಕ್ರೆಟರಿ ನನ್ನ ಕಡೆ ತಿರುಗಿ, "ಕಾಯ್ ಮ್ಹಣತಾತ್?" ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ನಾನು, "ಸಾರಿ ಮ್ಹಣತಾತ್" ಎಂದೆ. "ಏವಢಂ ಮೋಠಂ ಸಾರಿ?" ಇಷ್ಟುದ್ದ ಸಾರಿಯೇ ಎಂದು ಅವರು ನಕ್ಕುಬಿಟ್ಟರು. ಸಂಜೆ ಮಾತ್ರ ತಿಕ್ಕಬೇಕು ಎಂದು ಒಪ್ಪಂದವಾಯಿತು.

ಮೂರನೆಯದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮರ ಸರಿಯಾದದ್ದೇ ಸಿಕ್ಕಿತ್ತು, ಬಾಗುತ್ತಲೂ ಇತ್ತು. ನುಣುಪಾಗಲಿ ಎಂದು ಪಾಲಿಶ್ ಪೇಪರಿನಿಂದ ಬಿಲ್ಲಿನ ಹೊರಮೈಯನ್ನು ಕನ್ನಡಿಯ ಹಾಗೆ ತಿಕ್ಕಿದರು. ಜಗ್ಗಿದಾಗ ಪೂರ್ತಿ ಎಳೆತ ಬೀಳುವುದು ಆ ಹೊರಮೈಗೇ, ಅಲ್ಲಿನ ಎಳೆಯನ್ನು ಮುಟ್ಟಬಾರದು. ಸಿಬಿರೆದ್ದು ಸೀಳಿತು. ನನಗೆ ಅಳು ಬಂತು. ಬಿಲ್ಲಿಗಾಗಿ ಅಲ್ಲ, ನಾನು ಬೇಡ ಬೇಡ ಎಂದರೂ ಕೇಳದೆ ತಿಕ್ಕಿದ್ದಕ್ಕೆ.

"ಸಾಕ ಮಾಡ್ರಿ ಅಣ್ಣಾರ. ಆಯುಧ ಪೂಜಾಕ್ಕ ನನ್ನ ಕತ್ತರಿ ಒಂದ ನಿಮ್ಮ ಹೆಸರಿಲೆ ಇಡ್ತೀನಿ."

"ಆಗ್ತದೆ, ಆಗ್ತದೆ."

ಅವರ ಈ "ಆಗ್ತದೆ"ಯಷ್ಟು ನನ್ನನ್ನು ರೇಗಿಸಿದ ಮಾತು ಬೇರೆ ಇಲ್ಲ. ಗ್ಯಾಸ್ ಮುಗಿದರೂ ಆಗ್ತದೆ, ಎದೆ ಉರಿದರೂ ಆಗ್ತದೆ. ಡಾಕ್ಟರ ಹತ್ತಿರ ಹೋಗಿ ಎಂದು ವೈನಿ ಹೇಳಿದಾಗಲೂ, ಬಿಲ್ಲು ಆಗಲಿ, ಆಮೇಲೆ ಹೋಗ್ತೇನೆ ಎಂದಿದ್ದರು. ವೈನಿ ನನ್ನ ಹತ್ತಿರ ಬಂದು ಗೊಣಗಿದರು, "ಆ ಮರಕ್ಕೆ ದಿನಾ ಎಣ್ಣೆ ತಿಕ್ಕಿ ಮಾತಾಡಿಸ್ತಾರೆ. ನಾನು ಕೂತ ಕಡೆಯಿಂದ ಎದ್ದು ಹೋದ್ರೂ ಗೊತ್ತಾಗುದಿಲ್ಲ ಅವರಿಗೆ."

ನಾಲ್ಕನೆಯದರ ಮರವೂ ಮೂರನೆಯದು ಬಂದ ಅಂಗಡಿಯದೇ. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಗ್ಗ, ಬುಟ್ಟಿ, ಗುದ್ದಲಿಯ ಕಾವು ಮಾರುವ ಹಳೆಯ ಅಂಗಡಿ. ಅಲ್ಲಿ ಹೆಗಲ ಮೇಲೆ ಭಾರ ಹೊರುವ ಕಾವಡಿಯ ಕೋಲುಗಳಿದ್ದವು, ಧಾಮಣದ ಮರದವು. "ನಮ್ಮಲ್ಲಿ ಇದಕ್ಕೆ ದಡಸಲು ಹೇಳುದು. ಭಾರ ಹಾಕಿದ್ರೆ ಬಗ್ತದೆ, ತೆಗೆದ್ರೆ ಏಳ್ತದೆ" ಎಂದು ಅಣ್ಣಾರು ಒಂದೊಂದನ್ನೇ ನೆಲಕ್ಕೆ ಊರಿ ಬಾಗಿಸಿ ನೋಡಿದರು. ಅಂಗಡಿಯವನು ಯಾತಕ್ಕೆ ಬೇಕೆಂದು ಕೇಳಿದ. ಬಿಲ್ಲು ಮಾಡಲು ಎಂದಾಗ, "ಶಾಳೇಚಾ ಪ್ರೋಗ್ರಾಮ್ ಆಹೆ ಕಾ?" ಶಾಲೆಯ ಕಾರ್ಯಕ್ರಮವಾ ಎಂದ. ಅಣ್ಣಾರಿಗೆ ಅವಮಾನವಾಯಿತು. ಲೋಕಲಿನಲ್ಲಿ ಡೊಂಬಿವಲಿಯವರೆಗೂ ಕೋಲನ್ನು ಬಗಲಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಬಂದರು. "ಅಂಕಲ್, ಝಂಡಾ ಕಿಧರ್ ಹೈ?" ಎಂದು ಒಬ್ಬ ಕೇಳಿದ. ಬಾವುಟ ಎಲ್ಲಿ ಎಂದು. ನಾನು ಬೇರೆ ಕಡೆ ನೋಡುತ್ತ ನಿಂತೆ.

ಈ ಸಲ ನಾನು ಒಂದು ಷರತ್ತು ಹಾಕಿದೆ. ಬಿಲ್ಲು ಕೈಯಲ್ಲಿ ಹಿಡಿದು ಜಗ್ಗುವ ಹಾಗಿಲ್ಲ. ಹಿಡಿದರೆ ಕೈ ತಾನೇ ಕಿವಿಗೆ ಹೋಗುತ್ತದೆ. ಅದಕ್ಕೇ ಗೋಡೆಗೆ ಗೂಟ ಬಡಿಸಿದ್ದು. ಗೂಟದ ಕೆಳಗೆ ಟಾಕಿಯ ಗೋಡೆಯ ಮೇಲೆ ನನ್ನ ಮಾರ್ಕಿಂಗ್ ಚಾಕಿನಿಂದ ಒಂದು ಅಡ್ಡಗೆರೆ ಎಳೆದೆ. ಹಗ್ಗ ಆ ಗೆರೆಗಿಂತ ಕೆಳಗೆ ಬರಬಾರದು. ಎರಡು ಮೂರು ಸಂಜೆ ಅಷ್ಟೇ ಜಗ್ಗುವುದು, ನಾನು ನೋಡುವುದು, ಎಲ್ಲಿ ಬಿಗಿ ಇದೆಯೋ ಹೇಳುವುದು, ಅವರು ಗಾಜಿನ ಚೂರಿನಿಂದ ಅಲ್ಲಿ ಕೆರೆಯುವುದು. ಎರಡೂ ಕಡೆ ಸಮ ಬಂದರೆ ಮಾತ್ರ ಗೆರೆಯನ್ನು ಒಂದು ಬೆರಳಷ್ಟು ಕೆಳಗೆ ಇಳಿಸುತ್ತಿದ್ದೆ.

"ಇನ್ನೊಂದು ಬೆರಳು ಇಳಿಸು ಮಾರಾಯ್ತಿ."

"ಇಲ್ರಿ."

"ಅರ್ಧ ಬೆರಳು."

"ಕಂಕಳ ಬಿಗಿ ಆದಾಗ ನಾ ಬಿಚ್ಚಿ ಹೊಲಿದೆ. ಇದನ್ನ ಬಿಚ್ಚಿ ಹೊಲಿಯಾಕ ಬರಂಗಿಲ್ಲ."

ಅವರು ಸಿಟ್ಟಿನಿಂದ ಕೆರೆಯುತ್ತಿದ್ದರು. ಮಳೆ ಶುರುವಾಗಿ ಟೆರೇಸಿಗೆ ಹೋಗಲಾಗದೆ ವಾರಗಟ್ಟಲೆ ಬಿಲ್ಲು ಅವರ ಕಪಾಟಿನ ಮೇಲೆ ಮಲಗಿತ್ತು. ತೇವಕ್ಕೆ ಬಲಗಡೆ ಸ್ವಲ್ಪ ತಿರುಚಿಕೊಂಡಿತು. ಗಣಪತಿ ಕಳೆದ ಮೇಲೆ ಮತ್ತೆ ಮೊದಲ ಗೆರೆಯಿಂದ ಶುರುಮಾಡಬೇಕಾಯಿತು. ಆ ದಿನ ಅವರು ಅರವನ್ನು ಎಸೆದರು. ಆಮೇಲೆ ತಾವೇ ಹೋಗಿ ಎತ್ತಿಕೊಂಡು ಬಂದರು, ಮಂಡಿ ಹಿಡಿದುಕೊಂಡು.

ಗೆರೆಗಳು ಒಂದರ ಕೆಳಗೆ ಒಂದು ಇಳಿದವು. ನವರಾತ್ರಿ ಬಂದಾಗ ಕೊನೆಯ ಗೆರೆ ಅವರ ಎದೆಯ ಮಟ್ಟಕ್ಕಿತ್ತು. ಗಡ್ಡದವನೂ ಅಷ್ಟಕ್ಕೇ ನಿಲ್ಲಿಸುತ್ತಿದ್ದನಂತೆ. ಆ ಸಂಜೆಯ ಬಗ್ಗೆ ಮೊದಲೇ ಬರೆದಿದ್ದೇನೆ.

ಅವರು ಹೋದ ವರ್ಷ ಆ ಬಿಲ್ಲು ಯಾರ ಮನೆಯ ಪೂಜೆಗೂ ಹೋಗಲಿಲ್ಲ. ವೈನಿಯ ಮನೆಯಲ್ಲಿ ಸೂತಕ. ನಾನು ಮಶಿನಿಗೆ ಕುಂಕುಮ ಹಚ್ಚಿ ಎದ್ದುಬಿಟ್ಟೆ. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ವೈನಿ ಬಿಲ್ಲನ್ನು ಹಳೆಯ ಪಂಚೆಯಲ್ಲಿ ಸುತ್ತಿ ತಂದು ನನ್ನ ಹೊಲಿಗೆಯ ಮೇಜಿನ ಮೇಲೆ ಇಟ್ಟರು. "ನನಗೆ ಇದನ್ನು ನೋಡ್ಲಿಕ್ಕೆ ಆಗುದಿಲ್ಲ. ಹೊರಗೆ ಹಾಕ್ಲಿಕ್ಕೂ ಆಗುದಿಲ್ಲ. ನೀನೇ ಹೆದೆ ಕಟ್ಟು" ಎಂದರು.

ಅದಕ್ಕೂ ಮೊದಲೇ ತಂಡದವರು ಬಂದಿದ್ದರು. ಅಣ್ಣಾರ ನೆನಪಿಗೆ ಒಂದು ಆಟ ಮಾಡುತ್ತೇವೆ, ಆ ಬಿಲ್ಲು ಕೊಡಿ, ಚಿನ್ನದ ಕಾಗದ ಅಂಟಿಸಿ ಹುಡುಗರ ಕೈಯಲ್ಲಿ ಹಿಡಿಸುತ್ತೇವೆ ಎಂದರು. ನಾನು ದನಿ ಏರಿಸಿ ಮಾತಾಡುವವಳಲ್ಲ. ಅವತ್ತು ಮಾತ್ರ, "ಕಾಗದ ಅಂಟಸೂದಿದ್ರ ಥರ್ಮೋಕೋಲಿಂದ ಒಯ್ರಿ. ಅದೂ ಅದ, ಒಂದು ಕೊಂಬು ಮುರದದ" ಎಂದುಬಿಟ್ಟೆ. ವೈನಿ ನನ್ನ ಮುಖ ನೋ​ಡಿದರು, ಎದ್ದು ಹೋಗಿ ಚಹಾಕ್ಕೆ ನೀರಿಟ್ಟರು. ತಂಡದವರು ಚಹಾ ಕುಡಿದು ಹೋದರು.

ಹೆದೆಯ ನೂಲನ್ನು ಹೊಸೆದೆ. ಮೇಣ ಹಚ್ಚಿ ಎಳೆ ಎಳೆಯಾಗಿ, ಬತ್ತಿ ಹೊಸೆದ ಹಾಗೆ. ಅದು ಸುಲಭವೇ ಇತ್ತು. ಒಂದು ತುದಿಗೆ ಕುಣಿಕೆ ಹಾಕಿದೆ. ಇನ್ನೊಂದು ತುದಿಗೆ ಕುಣಿಕೆ ಎಲ್ಲಿ ಹಾಕಬೇಕು ಎಂಬಲ್ಲಿ ನಿಂತೆ.

ಠಾಣೆಯಲ್ಲಿ ಬಿಲ್ಲು ಬಾಣವನ್ನೂ ಮಾರುವ ಸ್ಪೋರ್ಟ್ಸ್ ಅಂಗಡಿಯಲ್ಲಿ ಕೇಳಿದೆ. ಅವನು ಇಷ್ಟು ಇಂಚು ಎಂದು ಹೇಳಿದ. "ಯಾರ ಮುಷ್ಟಿ ಅದು?" ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಎಲ್ಲರಿಗೂ ಅಷ್ಟೇ ನಡೆಯುತ್ತದೆ ಎಂದ. ರೆಡಿಮೇಡ್ ಅಂಗಿಯೂ ಎಲ್ಲರಿಗೂ ನಡೆಯುತ್ತದೆ. ನನ್ನ ಹತ್ತಿರ ಜನ ಬರುವುದು ಅದು ಕೂರುವುದಿಲ್ಲ ಎಂದೇ.

ವೈನಿ ತಮ್ಮ ಮುಷ್ಟಿ ಕಟ್ಟಿ, "ಇದಕ್ಕಿಂತ ಸ್ವಲ್ಪ ದೊಡ್ಡದು" ಎಂದರು. ಎಷ್ಟು ದೊಡ್ಡದು ಎಂದೆ. ಅವರು ಬೆರಳು ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದರು. "ನಾನು ಅಳೆದು ನೋಡ್ಲಿಲ್ಲ ತಂಗಿ. ಹಿಡ್ಕೊಂಡದ್ದು ಮಾತ್ರ." ಅಣ್ಣಾರ ಉಂಗುರ ತಂದು ಕೊಟ್ಟರು. ವೇಷದ ಕೈಕಟ್ಟು ಕೊಟ್ಟರು. ಉಂಗುರದಿಂದ ಬೆರಳು ಸಿಕ್ಕಿತು, ಕೈಕಟ್ಟಿನಿಂದ ಮಣಿಕಟ್ಟು ಸಿಕ್ಕಿತು. ಮಣಿಕಟ್ಟು ನನಗೆ ಮೊದಲೇ ಗೊತ್ತಿತ್ತು. ಅಂಗಿಯ ಕಫ್ ಹೊಲಿಯುವವಳು ನಾನೇ ಅಲ್ಲವೇ. ಎಷ್ಟೋ ವರ್ಷ ಆ ಮನುಷ್ಯನ ಮೈಯೆಲ್ಲ ಅಳೆದಿದ್ದೇನೆ. ಅಂಗಿಗೆ ಮುಷ್ಟಿಯ ಅಳತೆ ಬೇಕಾಗುವುದಿಲ್ಲ.

"ಯಾವದರ ಒಂದ ಅಳತಿ ಹಾಕು. ಬಿಲ್ಲಿಗೇನ ಗೊತ್ತಾಗ್ತದ?" ಎಂದು ನಮ್ಮ ಮನೆಯವರು ಹೇಳುತ್ತಾರೆ. ಅವರು ಹೇಳುವುದು ಸರಿ. ಬಿಲ್ಲಿಗೆ ಗೊತ್ತಾಗುವುದಿಲ್ಲ. ಅವರೇ ಒಮ್ಮೆ ತಮ್ಮ ಮುಷ್ಟಿ ಇಟ್ಟು ನೋಡಿದರು, "ಇಷ್ಟ ಇದ್ದೀತು" ಎಂದರು. ನಮ್ಮ ಮನೆಯವರ ಕೈ ದೊಡ್ಡದು, ಅಣ್ಣಾರದು ಅಷ್ಟಿರಲಿಲ್ಲ. ಎಷ್ಟಿರಲಿಲ್ಲ ಎಂದು ಹೇಳಲು ಬರುವುದಿಲ್ಲ. ಇದರ ಬಗ್ಗೆ ನನಗೆ ಬರುವುದು ದುಃಖಕ್ಕಿಂತ ಸಿಟ್ಟು. ಟೇಪು ಕೈಯಲ್ಲಿತ್ತು. ಕೈ ಎದುರಿಗಿತ್ತು. ಒಂದು ಕ್ಷಣ ಹಿಡಿದು ಕೊಟ್ಟಿದ್ದರೆ ಏನಾಗುತ್ತಿತ್ತು ಆ ಮನುಷ್ಯನಿಗೆ?

ಕಳೆದ ಬೇಸಿಗೆಯಲ್ಲಿ ಸೊಸೈಟಿಯವರು ಟಾಕಿಗೆ ಬಣ್ಣ ಹೊಡೆಸಿದರು. ಚಾಕಿನ ಗೆರೆಗಳು ಮಳೆಗೆ ಹೇಗೂ ಮಾಸಿದ್ದವು, ಅಲ್ಲಲ್ಲಿ ಉಳಿದದ್ದು ಬಣ್ಣದ ಕೆಳಗೆ ಹೋಯಿತು. ಗೂಟ ಮಾತ್ರ ಇರಲಿ ಎಂದು ಸೆಕ್ರೆಟರಿ ಹೇಳಿದರಂತೆ. ಈಗ ಅದಕ್ಕೆ ಯಾರೋ ಹಪ್ಪಳದ ಚೀಲ ತೂಗುಹಾಕುತ್ತಾರೆ.

ಪ್ರತಿ ಆಯುಧ ಪೂಜೆಗೆ ಮಶಿನಿನ ಪಕ್ಕದಲ್ಲಿ ಬಿಲ್ಲನ್ನು ಇಡುತ್ತೇನೆ. ಎಣ್ಣೆ ಒರೆಸಿ, ಕುಂಕುಮ ಹಚ್ಚಿ, ಹೂವು ಇಡುತ್ತೇನೆ. ವೈನಿ ಬರುತ್ತಾರೆ, ಪ್ರಸಾದ ತೆಗೆದುಕೊಂಡು ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಹೊಸೆದ ನೂಲು ಸುತ್ತಿಟ್ಟ ಹಾಗೇ ಬಿಲ್ಲಿನ ಪಕ್ಕದಲ್ಲಿ ಇರುತ್ತದೆ. ಅದರ ಒಂದು ತುದಿಗೆ ಕುಣಿಕೆ ಇದೆ. ಇನ್ನೊಂದು ತುದಿಗೆ ಇಲ್ಲ.